ಹಳೆ ಮೋಟರ್‌ಹೋಮ್‌ನ ಎರಡು ಟ್ಯಾಂಕ್, ಒಂದು ವಾಲ್ವ್: ಬಿಚ್ಚುವ ಮೊದಲು ಏನೇನು ನೋಡಬೇಕು

ನನ್ನ ಗಾಡಿಯ ಟ್ಯಾಂಕ್ ಸೆಲೆಕ್ಟರ್ ವಾಲ್ವನ್ನು, ಅಂದರೆ ಎರಡು ಟ್ಯಾಂಕಿನಲ್ಲಿ ಯಾವುದರಿಂದ ಪೆಟ್ರೋಲ್ ಬರಬೇಕೆಂದು ಆರಿಸುವ ವಾಲ್ವನ್ನು, ನಾನು ಎರಡು ಸಲ ಬದಲಾಯಿಸಿದ್ದೇನೆ. ಮೊದಲ ಸಲ ಬದಲಾಯಿಸುವ ಅಗತ್ಯವೇ ಇರಲಿಲ್ಲ. ಎರಡನೇ ಸಲ ಅಗತ್ಯವಿತ್ತು, ಆದರೆ ಮೊದಲ ಸಲ ದುಡ್ಡು ಕಳೆದುಕೊಂಡದ್ದು ನೆನಪಿದ್ದರಿಂದ ವಾಲ್ವೊಂದನ್ನು ಬಿಟ್ಟು ಮಿಕ್ಕಿದ್ದನ್ನೆಲ್ಲ ಮೊದಲು ಬದಲಾಯಿಸಿದೆ. ಆ ಎರಡು ತಪ್ಪುಗಳಿಂದ ಕಲಿತ ಪರೀಕ್ಷೆಗಳನ್ನು, ಮಾಡಬೇಕಾದ ಅನುಕ್ರಮದಲ್ಲೇ ಇಲ್ಲಿ ಬರೆದಿದ್ದೇನೆ.

ಗಾಡಿ 1978ರ ಜಿಎಂಸಿ ಮೋಟರ್‌ಹೋಮ್, ಅಂದರೆ ಒಳಗೇ ಅಡುಗೆ, ಮಲಗುವ ವ್ಯವಸ್ಥೆ ಇರುವ ಮನೆಗಾಡಿ. ಅಮೆರಿಕದಲ್ಲಿ 1973ರಿಂದ 1978ರವರೆಗೆ ಮಾತ್ರ ಬಂದ ಮಾದರಿ. ಎಂಜಿನ್ನೂ ಮುಂದೆ, ಎಳೆಯುವುದೂ ಮುಂದಿನ ಚಕ್ರಗಳೇ. ನನ್ನದರಲ್ಲಿ 403 ಕ್ಯೂಬಿಕ್ ಇಂಚಿನ, ಅಂದರೆ 6.6 ಲೀಟರಿನ ವಿ8 ಇದೆ. ತಲಾ 25 ಗ್ಯಾಲನ್ನಿನ ಎರಡು ಟ್ಯಾಂಕ್, ಒಟ್ಟು ಸುಮಾರು 190 ಲೀಟರ್. ಕೇಳಿದರೆ ಜಾಸ್ತಿ ಅನ್ನಿಸುತ್ತದೆ, ಅಲ್ವಾ? ಗ್ಯಾಲನ್ನಿಗೆ ಎಂಟೊಂಬತ್ತು ಮೈಲಿ ಕೊಡುವ ಗಾಡಿಗೆ ಅದು ಅಂಥಾ ಜಾಸ್ತಿ ಏನಲ್ಲ. ಇದೇ ಕಾಲದ ಷೆವರ್ಲೆ, ಫೋರ್ಡ್, ಡಾಡ್ಜ್ ಚಾಸಿ ಮೇಲೆ ಕಟ್ಟಿದ ಎಷ್ಟೋ ಮೋಟರ್‌ಹೋಮ್‌ಗಳಲ್ಲೂ ಎರಡು ಟ್ಯಾಂಕ್ ಇರುತ್ತವೆ. ಹಾಗಾಗಿ ಕೆಳಗಿನದರಲ್ಲಿ ಬಹುಪಾಲು ಅವಕ್ಕೂ ಸಲ್ಲುತ್ತದೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇಲ್ಲಿ ಅಮೆರಿಕದವರು ಪೆಟ್ರೋಲಿಗೆ ಗ್ಯಾಸ್ ಅಂತಾರೆ, ಒಲೆಯ ಗ್ಯಾಸಿಗೆ ಪ್ರೋಪೇನ್ ಅಂತಾರೆ. ಈ ಗಾಡಿಯಲ್ಲಿ ಎರಡೂ ಇರುವುದರಿಂದ ಗೊಂದಲ ಬೇಡ. ನಾನು ಪೆಟ್ರೋಲ್ ಅಂದರೆ ಎಂಜಿನ್ ಕುಡಿಯುವುದು, ಗ್ಯಾಸ್ ಅಂದರೆ ಒಲೆ, ಗೀಸರ್, ಫ್ರಿಜ್ಜಿಗೆ ಹೋಗುವುದು.

ವಾಲ್ವ್ ಮಾಡುವ ಕೆಲಸ

ಬೈಕಿನ ಪೆಟ್ರೋಲ್ ಕಾಕ್ ನೆನಪಿಸಿಕೊಳ್ಳಿ. ಮೈಸೂರಿನಲ್ಲೇ ತಯಾರಾಗುತ್ತಿದ್ದ ಅಪ್ಪನ ಯೆಜ್ಡಿಯಲ್ಲಿ ನಾನು ಮೊದಲು ತಿರುಗಿಸಿದ್ದು ಅದನ್ನೇ. ಗಾಡಿ ಡುಗ್ ಡುಗ್ ಅಂತ ನಿಂತರೆ ಕೈ ಕೆಳಗೆ ಹಾಕಿ ರಿಸರ್ವಿಗೆ ತಿರುಗಿಸಿದರಾಯಿತು. ಅಲ್ಲಿ ಟ್ಯಾಂಕ್ ಒಂದೇ, ಒಳಗಿನ ಪೈಪು ಮಾತ್ರ ಎರಡು ಎತ್ತರದಲ್ಲಿ. ಮೋಟರ್‌ಹೋಮ್‌ನಲ್ಲಿ ಟ್ಯಾಂಕೇ ಎರಡು, ಮತ್ತು ಕಾಕ್ ತಿರುಗಿಸುವ ಕೆಲಸವನ್ನು ಡ್ಯಾಶ್‌ಬೋರ್ಡಿನ ಸ್ವಿಚ್ಚು ಕರೆಂಟಿನಿಂದ ಮಾಡಿಸುತ್ತದೆ.

ಕಾರ್ಬ್ಯುರೇಟರ್ ಗಾಡಿಗಳಲ್ಲಿ ಇರುವುದು ಮೂರು ಬಾಯಿಯ ವಾಲ್ವ್. ಒಂದು ಬಾಯಿಗೆ ಮೇನ್ ಟ್ಯಾಂಕ್, ಒಂದಕ್ಕೆ ಆಕ್ಸ್ (ಆಕ್ಸಿಲರಿ, ಅಂದರೆ ಎರಡನೇ) ಟ್ಯಾಂಕ್, ಮೂರನೆಯದರಿಂದ ಎಂಜಿನ್ನಿಗೆ. ಒಳಗೆ ಸ್ಪ್ರಿಂಗ್, ಒಂದು ಕಬ್ಬಿಣದ ತುಂಡು, ಅದರ ತುದಿಗೆ ರಬ್ಬರ್ ಸೀಟು. ಕರೆಂಟ್ ಇಲ್ಲದಾಗ ಸ್ಪ್ರಿಂಗ್ ಆ ತುಂಡನ್ನು ತಳ್ಳಿ ಆಕ್ಸ್ ಬಾಯಿ ಮುಚ್ಚಿರುತ್ತದೆ, ಮೇನ್ ತೆರೆದಿರುತ್ತದೆ. ಸ್ವಿಚ್ ಆಕ್ಸ್‌ಗೆ ಹಾಕಿದರೆ 12 ವೋಲ್ಟ್ ಬಂದು, ಕಾಯಿಲ್, ಅಂದರೆ ಒಳಗಿನ ತಂತಿ ಸುರುಳಿ, ಅಯಸ್ಕಾಂತವಾಗಿ ತುಂಡನ್ನು ಎಳೆದುಕೊಳ್ಳುತ್ತದೆ. ಆಗ ಮೇನ್ ಮುಚ್ಚಿ ಆಕ್ಸ್ ತೆರೆಯುತ್ತದೆ. ಅಂದರೆ ವೈರು, ಫ್ಯೂಸ್, ಸ್ವಿಚ್ ಏನೇ ಕೆಟ್ಟರೂ ಗಾಡಿ ಮೇನ್ ಟ್ಯಾಂಕಿನಲ್ಲಿ ಓಡುತ್ತಲೇ ಇರುತ್ತದೆ. ‘ಆಕ್ಸ್ ಮಾತ್ರ ಕೆಲಸ ಮಾಡ್ತಿಲ್ಲ’ ಅಂದರೆ ಮೊದಲ ಅನುಮಾನ ಕರೆಂಟಿನ ಮೇಲಿರಲಿ.

ಇನ್ನೊಂದು ವಿಷಯ. ಈ ಹಳೆ ಗಾಡಿಗಳಲ್ಲಿ ಪಂಪ್ ಇರುವುದು ಎಂಜಿನ್ನಿನ ಪಕ್ಕದಲ್ಲಿ, ಟ್ಯಾಂಕಿನೊಳಗಲ್ಲ. ದೂರದಿಂದ ಪೆಟ್ರೋಲನ್ನು ಸ್ಟ್ರಾ ಹಾಕಿ ಎಳನೀರು ಹೀರಿದ ಹಾಗೆ ಹೀರುತ್ತದೆ. ಸ್ಟ್ರಾದಲ್ಲಿ ಸಣ್ಣ ತೂತಿದ್ದರೆ ಎಳನೀರು ಹೊರಗೆ ಸೋರುವುದಿಲ್ಲ, ಗಾಳಿ ಒಳಗೆ ಬರುತ್ತದೆ. ಇಲ್ಲೂ ಅಷ್ಟೇ. ವಾಲ್ವಿನಲ್ಲೋ ಹೋಸಿನಲ್ಲೋ ಬಿರುಕಿದ್ದರೆ ನೆಲದ ಮೇಲೆ ಒಂದು ಹನಿಯೂ ಕಾಣದೆ ಇರಬಹುದು. ‘ಎಲ್ಲೂ ಸೋರ್ತಿಲ್ಲ, ಹೋಸ್ ಚೆನ್ನಾಗಿದೆ’ ಅಂತ ನಾನು ಎಷ್ಟು ಸಲ ಹೇಳಿಕೊಂಡೆನೋ ಲೆಕ್ಕವಿಲ್ಲ.

ಲಕ್ಷಣ ಏನು ಹೇಳುತ್ತದೆ

ಮೇನ್‌ನಲ್ಲಿ ಸರಿ, ಆಕ್ಸ್‌ನಲ್ಲಿ ಎರಡು ಮೂರು ನಿಮಿಷಕ್ಕೆ ಎಂಜಿನ್ ಸಾಯುತ್ತದೆ. ಇದು ಕರೆಂಟ್ ಇರಬಹುದು, ಆಕ್ಸ್ ಟ್ಯಾಂಕಿನ ಹೋಸ್ ಇರಬಹುದು, ಟ್ಯಾಂಕಿನೊಳಗೆ ಪೈಪಿನ ತುದಿಯಲ್ಲಿರುವ ಜಾಲರಿ ಕಟ್ಟಿರಬಹುದು. ವಾಲ್ವ್ ಆಮೇಲೆ.

ಆಕ್ಸ್‌ಗೆ ಹಾಕಿದ್ದೀರಿ, ಪೆಟ್ರೋಲ್ ಮೀಟರಿನ ಮುಳ್ಳು ಆಕ್ಸ್ ಟ್ಯಾಂಕಿನ ಮಟ್ಟ ತೋರಿಸುತ್ತಿದೆ, ಆದರೆ ನೂರು ಮೈಲಿ ಹೋದರೂ ಅಲ್ಲಾಡುತ್ತಿಲ್ಲ. ಮೇನ್‌ಗೆ ಹಾಕಿ ನೋಡಿದರೆ ಅದು ಖಾಲಿ. ವಾಲ್ವ್ ತಿರುಗಿಯೇ ಇಲ್ಲ. ಇಲ್ಲಿ ಮೋಸ ಮಾಡುವುದು ಮುಳ್ಳು. ನನ್ನ ಗಾಡಿಯಲ್ಲಿ ಒಂದೇ ಸ್ವಿಚ್ಚು ವಾಲ್ವಿಗೆ ಕರೆಂಟ್ ಕೊಡುವುದರ ಜೊತೆಗೆ ಮುಳ್ಳಿನ ವೈರನ್ನೂ ಬದಲಾಯಿಸುತ್ತದೆ. ಹಾಗಾಗಿ ಮುಳ್ಳು ಬದಲಾದರೆ ಸ್ವಿಚ್ಚಿನ ಅರ್ಧ ಭಾಗ ಚೆನ್ನಾಗಿದೆ ಅಂತ ಮಾತ್ರ ಅರ್ಥ. ವಾಲ್ವಿನ ಬಗ್ಗೆ ಅದು ಏನೂ ಹೇಳುವುದಿಲ್ಲ.

ಎರಡೂ ಟ್ಯಾಂಕಿನಲ್ಲಿ ಘಾಟಿ ಹತ್ತುವಾಗ, ಬಿಸಿಲಲ್ಲಿ ಮಾತ್ರ ನಿಲ್ಲುತ್ತದೆ, ಅರ್ಧ ಗಂಟೆ ತಣ್ಣಗಾದ ಮೇಲೆ ಏನೂ ಆಗದಂತೆ ಸ್ಟಾರ್ಟ್ ಆಗುತ್ತದೆ. ಇದು ವೇಪರ್ ಲಾಕ್, ಅಂದರೆ ಪೆಟ್ರೋಲ್ ಪೈಪಿನಲ್ಲೇ ಕುದಿದು ಆವಿಯಾಗುವುದು. ಶೇಕಡಾ 10 ಎಥನಾಲ್ ಬೆರೆತ ಇಲ್ಲಿನ ಈಗಿನ ಪೆಟ್ರೋಲಿನಲ್ಲಿ ಹಳೆ ಗಾಡಿಗಳಿಗೆ ಈ ಕಾಟ ಜಾಸ್ತಿ. ಟ್ಯಾಂಕಿನ ಹತ್ತಿರ ಎಲೆಕ್ಟ್ರಿಕ್ ಪಂಪ್ ಕೂರಿಸಿದರೆ ಬಹಳಷ್ಟು ಕಡಿಮೆಯಾಗುತ್ತದೆ. ಹಾಕುವುದಾದರೆ ಎಂಜಿನ್ ನಿಂತ ಕೂಡಲೇ ಪಂಪ್ ನಿಲ್ಲುವ ಹಾಗೆ ಆಯಿಲ್ ಪ್ರೆಷರ್ ಸ್ವಿಚ್ ಮೂಲಕವೇ ಹಾಕಿ.

ಈಗ ನನ್ನನ್ನು ಸುಸ್ತು ಮಾಡಿದ ಲಕ್ಷಣ. ಎರಡೂ ಟ್ಯಾಂಕಿನಲ್ಲಿ ಪೆಟ್ರೋಲ್ ಇದ್ದಾಗ ಗಾಡಿ ಚಿನ್ನ. ಒಂದು ಟ್ಯಾಂಕ್ ಖಾಲಿಯಾದ ಮೇಲೆ, ತುಂಬಿರುವ ಇನ್ನೊಂದರಲ್ಲಿ ಓಡಿಸಿದರೂ ಏರಿನಲ್ಲಿ ಉಸಿರು ಕಟ್ಟುತ್ತದೆ.

ಅರಿಜೋನಾ ರಾಜ್ಯದಲ್ಲಿ ಫೀನಿಕ್ಸ್‌ನಿಂದ ಫ್ಲ್ಯಾಗ್‌ಸ್ಟಾಫ್‌ಗೆ ಹೋಗುವ ಐ-17 ರಸ್ತೆ ಗೊತ್ತಿದ್ದವರಿಗೆ ಜಾಗ ಗೊತ್ತಾಗುತ್ತದೆ. ಫೀನಿಕ್ಸ್ ಇರುವುದು ಸುಮಾರು 1,100 ಅಡಿ ಎತ್ತರದಲ್ಲಿ, ಫ್ಲ್ಯಾಗ್‌ಸ್ಟಾಫ್ ಸುಮಾರು 6,900 ಅಡಿಯಲ್ಲಿ. ಬ್ಲ್ಯಾಕ್ ಕ್ಯಾನ್ಯನ್ ಸಿಟಿ ದಾಟಿದ ಕೂಡಲೇ ಸನ್‌ಸೆಟ್ ಪಾಯಿಂಟ್ ಕಡೆಗೆ ಒಂದೇ ಸಮ ಏರು. ಆಕ್ಸ್ ತಳ ಕಂಡಿತ್ತು, ಮೇನ್ ಮುಕ್ಕಾಲು ಇತ್ತು. ಮೇನ್‌ಗೆ ಹಾಕಿ ಏರಲು ಶುರು ಮಾಡಿದೆ. ಅರ್ಧ ಏರಿನಲ್ಲಿ ಎಂಜಿನ್ ಕೆಮ್ಮಿತು, ಜರ್ಕ್ ಹೊಡೆಯಿತು, ನಿಂತಿತು. ಅರ್ಧ ಗಂಟೆ ಕಾದೆ. ಸ್ಟಾರ್ಟ್ ಆಯಿತು, ಐಡ್ಲಿಂಗ್ ನುಣ್ಣಗಿತ್ತು. ಆಕ್ಸಿಲರೇಟರ್ ಒತ್ತಿದರೆ ಮತ್ತೆ ಅದೇ ಕಥೆ. ವೇಪರ್ ಲಾಕ್ ಅಂತ ತೀರ್ಮಾನಿಸಿದೆ. ಮನೆಗೆ ಎಳೆಸಿಕೊಂಡು ಬಂದು ಪಂಪ್ ಬದಲಾಯಿಸಿದೆ, ಫಿಲ್ಟರ್ ಬದಲಾಯಿಸಿದೆ, ಪೈಪಿಗೆ ಶಾಖ ತಡೆಯುವ ಹೊದಿಕೆ ಸುತ್ತಿದೆ. ಎರಡೂ ಟ್ಯಾಂಕ್ ತುಂಬಿಸಿ ಓಡಿಸಿದೆ, ಚೆನ್ನಾಗಿ ಹೋಯಿತು. ಗೆದ್ದೆ ಅಂದುಕೊಂಡೆ. ಮುಂದಿನ ತಿಂಗಳು ಆಕ್ಸ್ ಖಾಲಿಯಾದ ದಿನ ಮತ್ತೆ ಅದೇ ಏರಿನಲ್ಲಿ ನಿಂತೆ.

ಆಗಿದ್ದೇನೆಂದರೆ ವಾಲ್ವಿನೊಳಗಿನ ರಬ್ಬರ್ ಸೀಟು ಆಕ್ಸ್ ಬಾಯಿಯನ್ನು ಪೂರ್ತಿ ಮುಚ್ಚುತ್ತಿರಲಿಲ್ಲ. ಆಕ್ಸ್‌ನಲ್ಲಿ ಪೆಟ್ರೋಲ್ ಇದ್ದಾಗ ಅಲ್ಲಿಂದಲೂ ಸ್ವಲ್ಪ ಪೆಟ್ರೋಲ್ ಬರುತ್ತಿತ್ತು, ಎಂಜಿನ್ನಿಗೆ ವ್ಯತ್ಯಾಸ ಗೊತ್ತಾಗುತ್ತಿರಲಿಲ್ಲ. ಖಾಲಿಯಾದಾಗ ಅದೇ ಸಂದಿಯಿಂದ ಗಾಳಿ ಬರುತ್ತಿತ್ತು. ಪೆಟ್ರೋಲ್ ಎಳೆಯುವುದಕ್ಕಿಂತ ಗಾಳಿ ಎಳೆಯುವುದು ಪಂಪಿಗೆ ಸುಲಭ. ಐಡ್ಲಿಂಗ್‌ಗೆ ಬೇಕಾಗುವಷ್ಟು ಪೆಟ್ರೋಲ್ ಹೇಗೋ ಸಿಗುತ್ತಿತ್ತು, ಏರಿನಲ್ಲಿ ಬೇಕಾಗುವಷ್ಟು ಸಿಗುತ್ತಿರಲಿಲ್ಲ.

ಪರೀಕ್ಷೆಗಳು, ಕಾಸು ಖರ್ಚಾಗದವು ಮೊದಲು

ಗಾಡಿ ಕೆಳಗೆ ಹೋಗುವ ಮುಂಚೆ ಪೆಟ್ರೋಲ್ ಕ್ಯಾಪ್ ತೆಗೆಯಿರಿ. ಗಾಳಿ ಜೋರಾಗಿ ಒಳಗೆ ನುಗ್ಗಿದ ಸದ್ದು ಬಂದು, ಆಮೇಲೆ ಗಾಡಿ ಸರಿಯಾಗಿ ಓಡಿದರೆ ಟ್ಯಾಂಕಿನ ಗಾಳಿ ದಾರಿ ಕಟ್ಟಿದೆ ಅಥವಾ ಕ್ಯಾಪ್ ತಪ್ಪು. ಕೆಲಸ ಅಲ್ಲಿಗೇ ಮುಗಿಯಿತು.

ಜನರೇಟರ್ ಇದ್ದರೆ ಅದನ್ನೂ ಓಡಿಸಿ ನೋಡಿ. ಅದರ ಪೈಪು ಸಾಮಾನ್ಯವಾಗಿ ಈ ವಾಲ್ವಿನ ಮೂಲಕ ಹೋಗುವುದಿಲ್ಲ, ಒಂದು ಟ್ಯಾಂಕಿನಿಂದ ನೇರವಾಗಿ ಹೋಗುತ್ತದೆ. ಅದು ಓಡುತ್ತಿದ್ದರೆ ಆ ಟ್ಯಾಂಕಿನಲ್ಲಿ ಪೆಟ್ರೋಲ್ ಇರುವುದಂತೂ ಖಾತ್ರಿ. ಹಳೆ ಗಾಡಿಯ ಮುಳ್ಳನ್ನು ನಂಬಿ ಇಡೀ ದಿನ ಹಾಳು ಮಾಡಿಕೊಳ್ಳುವುದಕ್ಕಿಂತ ಇದು ಮೇಲು.

ಆಮೇಲೆ ಟಕ್ ಸದ್ದಿನ ಪರೀಕ್ಷೆ. ಎಂಜಿನ್ ಬಂದ್, ಕೀಲಿ ಆನ್. ಒಬ್ಬರು ಸ್ವಿಚ್ ಹತ್ತಿರ, ನೀವು ವಾಲ್ವಿನ ಹತ್ತಿರ. ಮೊದಲ ಸಲ, ಆಕ್ಸ್ ಕೈ ಕೊಟ್ಟಾಗ, ನನ್ನ ಮಗಳು ಮೇಲೆ ಕೂತಿದ್ದಳು. ‘ಅಪ್ಪಾ, ಈಗ ಆಕ್ಸ್. ಈಗ ಮೇನ್.’ ನಾನು ಕೆಳಗಿನಿಂದ ‘ಇನ್ನೊಂದ್ಸಲ’ ಅಂದೆ. ‘ಇನ್ನೆಷ್ಟು ಸಲ ಅಪ್ಪಾ?’ ಬೆರಳು ವಾಲ್ವಿನ ಮೇಲಿಟ್ಟರೆ ಪ್ರತಿ ಸಲವೂ ಒಳಗೆ ಏನೋ ಕುಟ್ಟಿದ್ದು ಗೊತ್ತಾಗಬೇಕು. ನನಗೆ ಬಂದದ್ದು ಗೋಡೆಯಾಚೆ ಯಾರೋ ಉಗುರಿನಲ್ಲಿ ತಟ್ಟಿದಂಥ ಸದ್ದು. ಸದ್ದು ಬಂತು, ಕರೆಂಟ್ ಬರ್ತಿದೆ, ಹಾಗಾದರೆ ವಾಲ್ವೇ ಕೆಟ್ಟಿದೆ ಅಂತ ಹೊಸದು ತರಿಸಿದೆ. ಮೊದಲ ಸಲದ ತಪ್ಪು ಇದೇ. ಸದ್ದು ಬರಲು ಕಬ್ಬಿಣದ ತುಂಡು ಸ್ವಲ್ಪ ಅಲ್ಲಾಡಿದರೆ ಸಾಕು, ಬಾಯಿ ಪೂರ್ತಿ ತೆರೆಯಲು ಅದು ಕೊನೆಯವರೆಗೂ ಹೋಗಬೇಕು.

ಹೊಸ ವಾಲ್ವ್ ಹಾಕಿದ ಮೇಲೂ ಅದೇ ಸದ್ದು ಬಂದಾಗ ಮಲ್ಟಿಮೀಟರ್ ತೆಗೆದೆ. ಅದನ್ನು ಮೊದಲೇ ತೆಗೆಯಬೇಕಿತ್ತು. ಪ್ಲಗ್ ಬಿಚ್ಚಿ ವೈರಿನ ತುದಿಯಲ್ಲಿ ನೋಡಿದರೆ 12.4 ವೋಲ್ಟ್. ಎಲ್ಲ ಸರಿ ಅನ್ನಿಸುತ್ತದೆ. ಆದರೆ ಕೆಲಸ ಇಲ್ಲದೆ ಸುಮ್ನೆ ನಿಂತಿರುವ ವೈರಿನಲ್ಲಿ, ಒಂದೇ ಎಳೆ ಉಳಿದಿದ್ದರೂ ಮೀಟರ್ ಪೂರ್ತಿ ವೋಲ್ಟೇಜ್ ತೋರಿಸುತ್ತದೆ. ಅಳೆಯಬೇಕಾದದ್ದು ಪ್ಲಗ್ ಹಾಕಿರುವಾಗ, ಸ್ವಿಚ್ ಆಕ್ಸ್‌ನಲ್ಲಿರುವಾಗ. ಎರಡು ಅಳತೆ ಸಾಕು. ಬ್ಯಾಟರಿ ಪ್ಲಸ್‌ನಿಂದ ವಾಲ್ವಿನ ಪ್ಲಸ್‌ವರೆಗೆ ಒಂದು. ವಾಲ್ವಿನ ಅರ್ತ್‌ನಿಂದ ಬ್ಯಾಟರಿ ಮೈನಸ್‌ವರೆಗೆ ಇನ್ನೊಂದು. ಪ್ಲಸ್ ಕಡೆ ಅರ್ಧ ವೋಲ್ಟಿಗಿಂತ, ಅರ್ತ್ ಕಡೆ 0.2 ವೋಲ್ಟಿಗಿಂತ ಕಡಿಮೆ ಇರಬೇಕು. ನನ್ನ ಅರ್ತ್ ಕಡೆ 4 ವೋಲ್ಟ್ ತೋರಿಸಿತು. ಅಂದರೆ 12ರಲ್ಲಿ ಮೂರನೇ ಒಂದು ಪಾಲು ತುಕ್ಕಿನಲ್ಲೇ ಕರಗಿ, ವಾಲ್ವಿಗೆ ಸಿಗುತ್ತಿದ್ದದ್ದು ಎಂಟು ವೋಲ್ಟ್. ವಾಲ್ವನ್ನು ಚಾಸಿಗೆ ಬಿಗಿದಿದ್ದ ಬೋಲ್ಟೇ ಅರ್ತ್, ಅದರ ಕೆಳಗೆ ತುಕ್ಕು, ತುಕ್ಕಿನ ಮೇಲೆ ಹಿಂದಿನ ಯಜಮಾನರು ಹೊಡೆದ ಕಪ್ಪು ಪೇಂಟು. ಬೆಳಗಿನ ತಂಪಿನಲ್ಲಿ ವಾಲ್ವ್ ಎಳೆಯುತ್ತಿತ್ತು. ಕಾಯಿಲ್ ಬಿಸಿಯಾದರೆ ಅದರ ಪ್ರತಿರೋಧ ಏರುತ್ತದೆ, ಎಳೆಯುವ ಶಕ್ತಿ ಇಳಿಯುತ್ತದೆ, ಮಧ್ಯಾಹ್ನಕ್ಕೆ ಕೈ ಕೊಡುತ್ತಿತ್ತು. ಒಂದು ಹೊಸ ವೈರು, ಒಂದು ರಿಂಗ್ ಟರ್ಮಿನಲ್, ಎರಡು ನಿಮಿಷ ಮರಳು ಕಾಗದ. ಅಷ್ಟೇ.

ಮೀಟರ್ ಇಲ್ಲದಿದ್ದರೆ ಇಂಡಿಕೇಟರ್ ಬಲ್ಬೊಂದಕ್ಕೆ ಎರಡು ವೈರು ಕಟ್ಟಿ ವಾಲ್ವಿನ ಪ್ಲಗ್ಗಿಗೆ ಕೊಡಿ. ಪ್ರಕಾಶವಾಗಿ ಉರಿಯಬೇಕು. ಮಂಕಾಗಿ ಉರಿದರೆ ದಾರಿಯಲ್ಲಿ ಎಲ್ಲೋ ತುಕ್ಕಿದೆ. ಬಲ್ಬಿನ ಕಿಡಿ ಪೆಟ್ರೋಲ್ ಹತ್ತಿರ ಬೇಡ. ಹೋಸ್ ಬಿಚ್ಚುವ ಮುಂಚೆ, ವಾಸನೆ ಇಲ್ಲದಾಗ ಮಾತ್ರ ಇದನ್ನು ಮಾಡಿ.

ಕಾಯಿಲ್ಲನ್ನು ಬೇರೆ ಮಾಡಿ ಓಮ್ ನೋಡುವುದೂ ಸುಲಭ. ಹತ್ತಿಪ್ಪತ್ತು ಓಮ್‌ನ ಆಸುಪಾಸು ಬಂದರೆ ಕಾಯಿಲ್ ಜೀವಂತವಾಗಿದೆ. ಮೀಟರ್ ಏನೂ ತೋರಿಸದಿದ್ದರೆ ಒಳಗೆ ತಂತಿ ತುಂಡಾಗಿದೆ, ಸೊನ್ನೆ ತೋರಿಸಿದರೆ ಸುಟ್ಟಿದೆ. ಇವೆರಡರಲ್ಲಿ ಒಂದಾದರೆ ಹೊಸ ವಾಲ್ವ್ ತರಿಸಲು ಯೋಚಿಸಬೇಕಿಲ್ಲ.

ಕರೆಂಟ್ ಸರಿಯಿದ್ದರೆ ಪೆಟ್ರೋಲ್ ಕಡೆ ಬನ್ನಿ. ಕಾಟ ಕೊಡುವ ಟ್ಯಾಂಕಿನ ಹೋಸನ್ನು ವಾಲ್ವಿನಿಂದ ಬಿಚ್ಚಿ, ಕ್ಯಾಪ್ ತೆಗೆದು, ಎರಡು ಮೂರು ಪಿಎಸ್‌ಐಗಿಂತ ಜಾಸ್ತಿ ಇಲ್ಲದ ಗಾಳಿಯನ್ನು ಟ್ಯಾಂಕಿನ ಕಡೆಗೆ ಊದಿ. ಸೈಕಲ್ ಪಂಪ್ ಸಾಕು, ಕಂಪ್ರೆಸರ್ ಬೇಡ. ಟ್ಯಾಂಕಿನೊಳಗೆ ಗುಳುಗುಳು ಕೇಳಬೇಕು. ಊದಿದ ಮೇಲೆ ಗಾಡಿ ಐವತ್ತು ಮೈಲಿ ಚೆನ್ನಾಗಿ ಓಡಿ ಮತ್ತೆ ಕೆಮ್ಮಿದರೆ ಜಾಲರಿಗೆ ಕಸ ಅಂಟುತ್ತಿದೆ, ಟ್ಯಾಂಕ್ ಇಳಿಸುವುದೇ ದಾರಿ. ಈ ಟ್ಯಾಂಕುಗಳಲ್ಲಿ ನಲವತ್ತೈವತ್ತು ವರ್ಷದ ತುಕ್ಕು ಇರುತ್ತದೆ, ಆಶ್ಚರ್ಯ ಬೇಡ.

ಕೊನೆಯ ಪರೀಕ್ಷೆಯೇ ನನಗೆ ಉತ್ತರ ಕೊಟ್ಟದ್ದು. ವಾಲ್ವಿನಿಂದ ಎಂಜಿನ್ನಿಗೆ ಹೋಗುವ ಹೋಸಿನ ನಡುವೆ ಒಂದಡಿ ಉದ್ದದ ಪಾರದರ್ಶಕ ಹೋಸ್ ತಾತ್ಕಾಲಿಕವಾಗಿ ಹಾಕಿದೆ. ಆಕ್ಸ್ ಖಾಲಿ, ಸ್ವಿಚ್ ಮೇನ್‌ನಲ್ಲಿ, ಎಂಜಿನ್ ಸ್ವಲ್ಪ ವೇಗದ ಐಡ್ಲಿಂಗ್‌ನಲ್ಲಿ. ಗೋಲಿ ಸೋಡಾ ಒಡೆದ ಹಾಗೆ ಗುಳ್ಳೆಗಳು. ಎಂಜಿನ್ ನಿಲ್ಲಿಸಿ, ವಾಲ್ವಿನ ಆಕ್ಸ್ ಬಾಯಿಂದ ಹೋಸ್ ಬಿಚ್ಚಿ, ಆ ಬಾಯಿಗೆ ರಬ್ಬರ್ ಟೋಪಿ ಹಾಕಿ ಕ್ಲ್ಯಾಂಪ್ ಬಿಗಿದೆ, ಬಿಚ್ಚಿದ ಹೋಸಿಗೂ ಬೂಚು ಹಾಕಿದೆ. ಮತ್ತೆ ಸ್ಟಾರ್ಟ್. ಗುಳ್ಳೆ ಒಂದೂ ಇಲ್ಲ, ಗಾಜಿನಂತೆ ತಿಳಿಯಾದ ಪೆಟ್ರೋಲ್. ಟೋಪಿ ತೆಗೆದು ಹೋಸ್ ಹಾಕಿದರೆ ಮತ್ತೆ ಗುಳ್ಳೆ. ಮುಚ್ಚಿರಬೇಕಾದ ಬಾಯಿಯಿಂದ ಗಾಳಿ ಬರುತ್ತಿದೆ ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಟೋಪಿ ಹಾಕಿದಾಗಲೂ ಗುಳ್ಳೆ ಬಂದರೆ ಬಿರುಕಿರುವುದು ಮೇನ್ ಕಡೆಯ ಹೋಸಿನಲ್ಲಿ. ಆ ಪಾರದರ್ಶಕ ಹೋಸನ್ನು ಅಲ್ಲೇ ಬಿಟ್ಟುಬಿಡಬೇಡಿ. ಪೆಟ್ರೋಲಿಗೆ ಅದು ಗಟ್ಟಿಯಾಗಿ ಸೀಳುತ್ತದೆ.

ಆರು ಬಾಯಿಯ ವಾಲ್ವ್ ಇದ್ದರೆ

1980ರ ದಶಕದ ಗಾಡಿಗಳಲ್ಲಿ, ಮುಖ್ಯವಾಗಿ ಫ್ಯೂಯಲ್ ಇಂಜೆಕ್ಷನ್ ಇರುವವುಗಳಲ್ಲಿ, ಎಂಜಿನ್ ಬಳಸದೆ ಉಳಿದ ಪೆಟ್ರೋಲ್ ಟ್ಯಾಂಕಿಗೆ ವಾಪಸ್ ಹೋಗುತ್ತದೆ. ಹೋಗುವ ದಾರಿ, ಬರುವ ದಾರಿ ಎರಡನ್ನೂ ಒಟ್ಟಿಗೆ ಬದಲಾಯಿಸಬೇಕಾದ್ದರಿಂದ ವಾಲ್ವಿಗೆ ಆರು ಬಾಯಿ. ಒಳಗೆ ಸಣ್ಣ ಮೋಟಾರು, ಗೇರು. ಪ್ಲಸ್ ಮೈನಸ್ ಅದಲುಬದಲಾದರೆ ಮೋಟಾರು ಹಿಂದೆ ಮುಂದೆ ತಿರುಗುತ್ತದೆ. ಕರೆಂಟ್ ಹೋದರೆ ಇದು ಮೇನ್‌ಗೆ ಮರಳುವುದಿಲ್ಲ, ಇದ್ದಲ್ಲೇ ನಿಲ್ಲುತ್ತದೆ. ಅರ್ಧ ದಾರಿಯಲ್ಲಿ ನಿಂತರೆ ಒಂದು ಟ್ಯಾಂಕಿನಿಂದ ಎಳೆದ ಪೆಟ್ರೋಲ್ ಇನ್ನೊಂದಕ್ಕೆ ವಾಪಸಾಗಿ, ತುಂಬಿದ ಟ್ಯಾಂಕ್ ಉಕ್ಕುವುದೂ ಉಂಟು. ಇದನ್ನು ಕಂಡರೆ ಓಡಿಸಬೇಡಿ, ಬೆಂಕಿಯ ವಿಷಯ.

ಇಂಥ ಹಲವು ವಾಲ್ವ್‌ಗಳಲ್ಲಿ ಮುಳ್ಳಿನ ವೈರು ಬದಲಾಗುವುದೂ ವಾಲ್ವಿನೊಳಗೇ. ಹಾಗಾಗಿ ಇಲ್ಲಿ ಮುಳ್ಳು ನಿಜವಾಗಿ ಸುಳಿವು ಕೊಡುತ್ತದೆ. ಮುಳ್ಳೂ ಬದಲಾಗದಿದ್ದರೆ ಫ್ಯೂಸ್, ಸ್ವಿಚ್, ವೈರು ನೋಡಿ. ಮುಳ್ಳು ಬದಲಾಗಿ ಪೆಟ್ರೋಲ್ ಮಾತ್ರ ಹಳೆ ಟ್ಯಾಂಕಿನಿಂದಲೇ ಬರುತ್ತಿದ್ದರೆ ಗೇರೋ ಒಳಗಿನ ತುಂಡೋ ಮುರಿದಿದೆ. ಇನ್ನು ಟ್ಯಾಂಕಿನೊಳಗೇ ಪಂಪ್ ಇರುವ 1990ರ ದಶಕದ ಕೆಲವು ಫೋರ್ಡ್ ಗಾಡಿಗಳಲ್ಲಿ ಪೆಟ್ರೋಲ್ ಟ್ಯಾಂಕ್ ಬದಲಾಯಿಸುವುದಕ್ಕೆ ಹೊರಗಿನ ವಾಲ್ವೇ ಇಲ್ಲ. ಸಿಗದ ವಾಲ್ವನ್ನು ಹುಡುಕುತ್ತಾ ಚಾಸಿ ಕೆಳಗೆ ಮಲಗುವ ಮುಂಚೆ ನಿಮ್ಮ ಗಾಡಿಯ ರಿಪೇರಿ ಪುಸ್ತಕ ತೆರೆಯಿರಿ.

ಬದಲಾಯಿಸುವ ಕೆಲಸ

ಮೊದಲು ಗ್ಯಾಸ್ ಸಿಲಿಂಡರಿನ ವಾಲ್ವ್ ಮುಚ್ಚಿ. ಕಾರಿನಲ್ಲಿ ಇಲ್ಲದ ಅಪಾಯ ಇದು. ಹಳೆ ಫ್ರಿಜ್ಜಿನಲ್ಲಿ, ಗೀಸರಿನಲ್ಲಿ ಸಣ್ಣ ಜ್ವಾಲೆ ಸದಾ ಉರಿಯುತ್ತಿರುತ್ತದೆ, ಕಣ್ಣಿಗೆ ಬೀಳುವುದಿಲ್ಲ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ, ನೆಲದ ಮೇಲೆ ಹರಿದು ಹೋಗಿ ಎಲ್ಲಿ ಜ್ವಾಲೆ ಇದೆಯೋ ಅಲ್ಲಿ ಹತ್ತಿಕೊಳ್ಳುತ್ತದೆ. ಆಮೇಲೆ ಬ್ಯಾಟರಿಯ ಮೈನಸ್ ಬಿಚ್ಚಿ. ಒಳಗಿನ ಲೈಟುಗಳಿಗೆ ಬೇರೆ ಬ್ಯಾಟರಿ ಇರುತ್ತದೆ, ಅದನ್ನೂ. ಬೆಂಕಿ ಆರಿಸುವ ಸಿಲಿಂಡರ್ ಕೈಗೆಟುಕುವಲ್ಲಿರಲಿ. ಕೆಲಸ ಬಯಲಲ್ಲಿ ಮಾಡಿ, ಗ್ಯಾರೇಜಿನೊಳಗೆ ಬೇಡ.

ನನ್ನ ಗಾಡಿಯ ಹಿಂದಿನ ಚಕ್ರಗಳು ಏರ್ ಸಸ್ಪೆನ್ಷನ್ ಮೇಲಿವೆ. ಗಾಳಿ ಇಳಿದರೆ ಇಡೀ ಗಾಡಿ ಇಳಿಯುತ್ತದೆ. ಚಾಸಿಗೆ ಸ್ಟ್ಯಾಂಡ್ ಕೊಡದೆ ಕೆಳಗೆ ತಲೆ ಹಾಕಬೇಡಿ, ಒಂದೇ ನಿಮಿಷದ ಕೆಲಸವಾದರೂ ಸರಿ.

ಪೆಟ್ರೋಲ್ ಕಡಿಮೆ ಇರುವಾಗ ಕೆಲಸ ಇಟ್ಟುಕೊಂಡರೆ ಒಳ್ಳೆಯದು. ಪೈಪು ಟ್ಯಾಂಕಿನ ಮೇಲಿನಿಂದ ಹೊರಟರೂ ಹೋಸಿನ ತುದಿ ಕೆಳಗೆ ಬಂದ ಕೂಡಲೇ ತಾನಾಗೇ ಸುರಿಯಲು ಶುರುವಾಗುತ್ತದೆ. ಕ್ಯಾಪ್ ತೆಗೆದು ಒತ್ತಡ ಬಿಡಿ. ಹೋಸ್ ಬಿಚ್ಚಿದ ಕೂಡಲೇ ಬೂಚು ಹಾಕಲು ನಯವಾದ ಬೋಲ್ಟ್ ತುಂಡುಗಳನ್ನು ಜೇಬಿನಲ್ಲಿಟ್ಟುಕೊಳ್ಳಿ. ನಾನು ಮೊದಲ ಸಲ ಇಟ್ಟುಕೊಂಡಿರಲಿಲ್ಲ. ಹೆಬ್ಬೆರಳಿನಲ್ಲಿ ಹೋಸ್ ಮುಚ್ಚಿಕೊಂಡು, ಮೊಣಕೈವರೆಗೆ ಪೆಟ್ರೋಲ್ ಇಳಿಯುತ್ತಾ, ಮಗಳನ್ನು ಕೂಗುತ್ತಾ ಮಲಗಿದ್ದೆ.

ಬಿಚ್ಚುವ ಮೊದಲು ಫೋಟೋ ತೆಗೆಯಿರಿ. ಮೇನ್‌ಗೆ ಕೆಂಪು ಟೇಪು, ಆಕ್ಸ್‌ಗೆ ಹಳದಿ, ಎಂಜಿನ್ನಿಗೆ ಬಿಳಿ. ಎರಡು ಹೋಸ್ ಅದಲುಬದಲಾದರೆ ಗಾಡಿ ಓಡುತ್ತದೆ, ಆದರೆ ಮುಳ್ಳು ಒಂದು ಟ್ಯಾಂಕ್ ತೋರಿಸುತ್ತದೆ, ಎಂಜಿನ್ ಇನ್ನೊಂದರಿಂದ ಕುಡಿಯುತ್ತದೆ. ಹೈವೇ ಮಧ್ಯೆ ಮಾತ್ರ ಗೊತ್ತಾಗುವ ತಪ್ಪು ಇದು.

ಹೊಸ ವಾಲ್ವನ್ನು ಹಾಕುವ ಮುಂಚೆ ಮೇಜಿನ ಮೇಲೆ ಪರೀಕ್ಷಿಸಿ. ಒಣ ವಾಲ್ವ್, ಹೊಸ ಹೋಸ್ ತುಂಡು, ಬಾಯಿಂದಲೇ ಊದಬಹುದು. ಕರೆಂಟ್ ಇಲ್ಲದಾಗ ಮೇನ್‌ನಿಂದ ಎಂಜಿನ್ ಬಾಯಿಗೆ ಗಾಳಿ ಸಲೀಸಾಗಿ ಹೋಗಬೇಕು, ಆಕ್ಸ್‌ನಿಂದ ಹೋಗಕೂಡದು. 12 ವೋಲ್ಟ್ ಕೊಟ್ಟಾಗ ಇದರ ಉಲ್ಟಾ. ಸುಮಾರಾಗಿ ಮುಚ್ಚಿದರೆ ಸಾಲದು, ಕೆನ್ನೆ ಉಬ್ಬಿಸಿ ಊದಿದರೂ ಒಂದಿಷ್ಟೂ ಹೋಗಬಾರದು. ಪೆಟ್ರೋಲ್ ಕಂಡ ಹಳೆ ವಾಲ್ವಿಗೆ ಮಾತ್ರ ಬಾಯಿ ಹಾಕಬೇಡಿ.

ಕೊಳ್ಳುವಾಗ ನೋಡಬೇಕಾದ್ದು: ಬಾಯಿಯ ಅಳತೆ (ಹೆಚ್ಚಿನವು ಮುಕ್ಕಾಲಿಂಚಿನ ಅರ್ಧ, ಅಂದರೆ 3/8 ಇಂಚು), ಗಂಟೆಗಟ್ಟಲೆ ಕರೆಂಟ್ ಇದ್ದರೂ ಸುಡದ ಕಾಯಿಲ್, ಎಥನಾಲಿಗೆ ತಡೆಯುವ ಸೀಟು. ಆಕ್ಸ್‌ನಲ್ಲಿ ಓಡುವಷ್ಟು ಹೊತ್ತೂ ಕಾಯಿಲ್ ಎಳೆದು ಹಿಡಿದಿರಬೇಕು, ಅದು ಬೆಚ್ಚಗಾಗುವುದು ಸಹಜ. ಕಾರ್ಬ್ಯುರೇಟರ್ ಗಾಡಿಯ ವಾಲ್ವನ್ನು ಇಂಜೆಕ್ಷನ್ ಗಾಡಿಗೆ ಹಾಕಬೇಡಿ. ಮೊದಲನೆಯದರ ಪಂಪು ಕೊಡುವುದು ಐದಾರು ಪಿಎಸ್‌ಐ, ಎರಡನೆಯದರಲ್ಲಿ ನಲವತ್ತರ ಹತ್ತಿರವೂ ಇರಬಹುದು.

ವಾಲ್ವ್ ಬದಲಾಯಿಸುತ್ತಾ ಹಳೆ ಹೋಸನ್ನೇ ಮತ್ತೆ ಹಾಕುವುದು ಜಿಪುಣತನ. ಹಳೆಯದರ ಒಳಪದರ ಎಥನಾಲಿಗೆ ಉಬ್ಬಿ, ಹೊರಗಿನಿಂದ ನುಣ್ಣಗೆ ಕಂಡರೂ ಒಳಗೆ ಅರ್ಧ ಮುಚ್ಚಿರುತ್ತದೆ. ಕಾರ್ಬ್ಯುರೇಟರ್ ಗಾಡಿಗೆ ಎಸ್‌ಎಇ 30ಆರ್7, ಇಂಜೆಕ್ಷನ್ನಿಗೆ 30ಆರ್9 ಅಂತ ಹೋಸಿನ ಮೇಲೇ ಮುದ್ರಿಸಿರುತ್ತಾರೆ. ಹರಿತವಾದ ಬ್ಲೇಡಿನಲ್ಲಿ ನೇರವಾಗಿ ಕತ್ತರಿಸಿ. ಗರಗಸದಲ್ಲಿ ಕೊಯ್ದರೆ ರಬ್ಬರ್ ಪುಡಿ ಒಳಗೆ ಬಿದ್ದು ಹೊಸ ವಾಲ್ವಿನ ಸೀಟಿಗೇ ಕೂರುತ್ತದೆ. ಹೋಸ್ ಬಾಯಿಯ ಉಬ್ಬು ದಾಟಿ ಒಳಗೆ ಹೋಗಬೇಕು, ಕ್ಲ್ಯಾಂಪ್ ಉಬ್ಬಿನ ಹಿಂದೆ ಕೂರಬೇಕು. ಅಂಚು ಮಡಚಿದ ಕ್ಲ್ಯಾಂಪ್ ಕೊಳ್ಳಿ, ಸೀಳು ಹಲ್ಲಿನ ಸಾಮಾನ್ಯ ಕ್ಲ್ಯಾಂಪ್ ರಬ್ಬರಿಗೆ ಕಚ್ಚುತ್ತದೆ. ನಲ್ಲಿಗೆ ಸುತ್ತುವ ಬಿಳಿ ಟೇಪನ್ನು ಇಲ್ಲಿ ಸುತ್ತಬೇಡಿ, ಅದರ ಚೂರುಗಳೂ ಒಳಗೇ ಸೇರುತ್ತವೆ.

ವಾಲ್ವಿಗಿಂತ ಮುಂಚೆ ಒಂದೊಂದು ಫಿಲ್ಟರ್ ಹಾಕಬಹುದಾ ಅಂತ ಕೇಳುವವರಿದ್ದಾರೆ. ಟ್ಯಾಂಕಿನಲ್ಲಿ ತುಕ್ಕು ಜಾಸ್ತಿ ಇದ್ದರೆ ಹಾಕಿ, ಆದರೆ ದೊಡ್ಡದು, ಒರಟು ಜಾಲರಿಯದು. ಹೀರುವ ಕಡೆ ಸೂಕ್ಷ್ಮ ರಂಧ್ರದ ಕಾಗದದ ಫಿಲ್ಟರ್ ಹಾಕಿದರೆ ಪಂಪಿಗೆ ಹೀರುವುದು ಕಷ್ಟವಾಗಿ ವೇಪರ್ ಲಾಕನ್ನು ನೀವೇ ಕರೆದ ಹಾಗೆ.

ಕೊನೆಗೆ ಅರ್ತ್. ಬ್ರ್ಯಾಕೆಟ್ಟಿನ ಬೋಲ್ಟನ್ನು ನಂಬದೆ ಪ್ರತ್ಯೇಕ ವೈರು ಎಳೆಯಿರಿ. ಚಾಸಿಯನ್ನು ಬೆಳ್ಳಗೆ ಹೊಳೆಯುವವರೆಗೆ ಉಜ್ಜಿ, ರಿಂಗ್ ಟರ್ಮಿನಲ್ ಬಿಗಿದು, ಮೇಲೆ ಗ್ರೀಸ್ ಹಚ್ಚಿ.

ಸ್ಟಾರ್ಟ್ ಮಾಡುವ ಮುಂಚೆ ಅರ್ಧ ಗಂಟೆ ಬಿಟ್ಟು ಮೂಗಿನಲ್ಲಿ ನೋಡಿ. ವಾಸನೆ ಇಲ್ಲದಿದ್ದರೆ ಬ್ಯಾಟರಿ ಜೋಡಿಸಿ, ಮೇನ್‌ನಲ್ಲಿ ಹತ್ತು ನಿಮಿಷ, ಆಕ್ಸ್‌ನಲ್ಲಿ ಹತ್ತು ನಿಮಿಷ ಓಡಿಸಿ. ಕಾರ್ಬ್ಯುರೇಟರಿನಲ್ಲಿ, ಪೈಪಿನಲ್ಲಿ ಉಳಿದ ಪೆಟ್ರೋಲಿನಲ್ಲೇ ಎಂಜಿನ್ ಒಂದೆರಡು ನಿಮಿಷ ಓಡುವುದರಿಂದ ಬೇಗ ಸಂತೋಷಪಡಬೇಡಿ. ನಿಜವಾದ ಪರೀಕ್ಷೆ ಒಂದು ಟ್ಯಾಂಕ್ ಖಾಲಿ ಇರುವಾಗಲೇ ಆಗಬೇಕು. ನಾನು ಆಕ್ಸ್ ಬೇಕೆಂದೇ ಖಾಲಿ ಬಿಟ್ಟು, ಮೇನ್ ಅರ್ಧ ಇಟ್ಟುಕೊಂಡು, ಹಿಂದಿನ ಸೀಟಿನಲ್ಲಿ ಐದು ಗ್ಯಾಲನ್ ನೀರಿನ ಜೊತೆ ಮಗಳನ್ನೂ ಕೂರಿಸಿಕೊಂಡು ಅದೇ ಏರಿಗೆ ಹೋದೆ. ಸನ್‌ಸೆಟ್ ಪಾಯಿಂಟಿನ ವಿಶ್ರಾಂತಿ ತಾಣದಲ್ಲಿ ನಿಲ್ಲಿಸಿದಾಗ ಎಂಜಿನ್ ನಾನು ಆಫ್ ಮಾಡಿದ್ದಕ್ಕೇ ನಿಂತದ್ದು.

ತೆಗೆದ ವಾಲ್ವನ್ನು ಆಮೇಲೆ ಗರಗಸದಲ್ಲಿ ಕೊಯ್ದು ನೋಡಿದೆ. ರಬ್ಬರ್ ಸೀಟು ನೆನೆದ ಕಡಲೆಯ ಹಾಗೆ ಉಬ್ಬಿ ಒಂದು ಪಕ್ಕಕ್ಕೆ ವಾಲಿತ್ತು. ಅದರೊಳಗೆ ಸಾಸಿವೆಗಿಂತ ಚಿಕ್ಕ ತುಕ್ಕಿನ ಚೂರೊಂದು ಹೂತುಕೊಂಡಿತ್ತು.

ಈಗ ಅಡುಗೆ ಡ್ರಾಯರಿನಲ್ಲಿ, ಚಮಚಗಳ ಪಕ್ಕದಲ್ಲಿ, ಒಂದು ಪ್ಲಾಸ್ಟಿಕ್ ಕವರ್ ಇದೆ. ಅದರಲ್ಲಿ 3/8 ಇಂಚಿನ ಹಿತ್ತಾಳೆ ಜೋಡಣೆ ಒಂದು, ಒಂದಡಿ ಹೋಸ್, ನಾಲ್ಕು ಕ್ಲ್ಯಾಂಪ್, ಎರಡು ಬೂಚು, ಒಂದು ಸ್ಕ್ರೂಡ್ರೈವರ್. ದಾರಿಯಲ್ಲಿ ವಾಲ್ವ್ ಕೈ ಕೊಟ್ಟರೆ ಅದನ್ನು ಪಕ್ಕಕ್ಕಿಟ್ಟು, ಪೆಟ್ರೋಲ್ ಇರುವ ಟ್ಯಾಂಕಿನ ಹೋಸನ್ನು ನೇರವಾಗಿ ಎಂಜಿನ್ ಹೋಸಿಗೆ ಜೋಡಿಸಿ ಮನೆ ಸೇರಬಹುದು. ಇನ್ನೊಂದು ಟ್ಯಾಂಕಿನ ಹೋಸಿಗೆ ಬೂಚು ಹಾಕುವುದನ್ನು ಮರೆಯಬೇಡಿ.